ಬಿಡದಿಗೆ ಹೊಸ ನಗರ: ಆತಗೂರಿಗೆ ನೀರಿನ ಚಿಂತೆ

ಮದ್ದೂರಿನಿಂದ ಬೆಂಗಳೂರಿಗೆ ಹೋಗುವ ದಾರೀಲಿ ಸಿಗುವ ಬಿಡದಿಗೆ ಹೊಸ ನಗರದ ಮಾತು ಹೊಸದೇನಲ್ಲ. 2006ರಲ್ಲೇ ಟೌನ್‌ಷಿಪ್ ಅಂದರು, ಕಟ್ಟಲಿಲ್ಲ. 2025ರಲ್ಲಿ ಅದೇ ನೆಲಕ್ಕೆ 'ಎಐ ಸಿಟಿ' ಅಂತ ಬೋರ್ಡು ಬದಲಾಯ್ತು. ಮಾರ್ಚಿನಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಬಿತ್ತು. ಕೆಲಸ, ಮನೆ, ವಿಹಾರ ಎಲ್ಲಾ ಒಂದೇ ಕಡೆಯಂತೆ! ಭೂಮಿ ಕೊಡೋಲ್ಲ ಅಂತ ರೈತರು ಭೈರಮಂಗಲದಲ್ಲಿ ಧರಣಿ ಕೂತರು.

ಅದಕ್ಕೂ ಆತಗೂರಿಗೂ ಏನು ನಂಟು ಅಂತೀರಾ? ನೀರು ಸ್ವಾಮಿ, ನೀರು. ಬೆಂಗಳೂರು ಕುಡಿಯುವ ಕಾವೇರಿಯನ್ನು ಪಂಪು ಮಾಡೋದು ಪಕ್ಕದ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಉದ್ಘಾಟನೆಯಾಗಿ, ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಎತ್ತುವ ಏರ್ಪಾಡಾಯ್ತು. ಆದರೆ 2018ರಲ್ಲಿ ಸುಪ್ರೀಂ ಕೋರ್ಟು ಬೆಂಗಳೂರಿಗೆಂದು ಹೆಚ್ಚಿಗೆ ಕೊಟ್ಟದ್ದು 4.75 ಟಿಎಂಸಿ ಮಾತ್ರ. ಹೊಸ ನಗರವೂ ಅದರಲ್ಲೇ ಕೈಯೊಡ್ಡಿದರೆ ನಾಲೆಯ ಕೊನೆಭಾಗದ ಗದ್ದೆಯ ಗತಿಯೇನು? 2023ರಲ್ಲಿ ಮಳೆ ಕೈಕೊಟ್ಟಾಗ ಮಂಡ್ಯದ ರೈತರು ಹೆದ್ದಾರಿಗೆ ಇಳಿದಿದ್ದೂ ಇದೇ ನೀರಿಗೇ.

ತಮಾಷೆ ನೋಡಿ, ಬೆಂಗಳೂರು ಕುಡಿದು ಬಿಟ್ಟ ಕೊಳೆನೀರು ವೃಷಭಾವತಿಯಲ್ಲಿ ಹರಿದು ಸೇರೋದು ಅದೇ ಭೈರಮಂಗಲ ಕೆರೆಗೆ. ಪರಿಸರಸ್ನೇಹಿ ನಗರ ಅನ್ನೋರು ಮೊದಲು ಆ ನೀರನ್ನು ಶುದ್ಧ ಮಾಡಿ ಬಳಸಿ ತೋರಿಸಲಿ, ಎಕರೆ ಅಳೆಯೋದು ಆಮೇಲೆ.