ಕ್ವಿಬೆಕ್ ನಗರದಲ್ಲಿ ಕಡಿಮೆ ಖರ್ಚಿನ ವಾಸ್ತವ್ಯ: ಲೆಕ್ಕ ಹಾಕುವುದು ಹೇಗೆ?



‘ಹೋಟೆಲಿಗೆ ಹೋಗೋಣ’ ಎಂದರೆ ನಮ್ಮ ಊರುಗಳಲ್ಲಿ ನೆನಪಾಗುವುದು ಇಡ್ಲಿ, ದೋಸೆ, ಕಾಫಿ. ರಾತ್ರಿ ತಂಗಬೇಕಾದರೆ ನಾವು ಹುಡುಕುವುದು ಲಾಡ್ಜನ್ನು, ಯಾತ್ರಾಸ್ಥಳವಾದರೆ ಛತ್ರವನ್ನು. ಕೆನಡಾ ದೇಶದ ಕ್ವಿಬೆಕ್ ನಗರದಲ್ಲಿ ಈ ಪದಕ್ಕೆ ಇನ್ನೂ ಹಲವು ಅರ್ಥಗಳಿವೆ. ಅಲ್ಲಿ ‘ಒಟೆಲ್ ದ ವಿಲ್’ ಎಂದರೆ ನಗರಾಡಳಿತದ ಕಚೇರಿ. ‘ಒಟೆಲ್ ದ್ಯು ಪಾರ್ಲಮಾಂ’ ಎಂದರೆ ಶಾಸನಸಭೆಯ ಕಟ್ಟಡ. ‘ಒಟೆಲ್ ದಿಯ’ ಎಂದರೆ 1639ರಲ್ಲಿ ಅಗಸ್ಟೀನಿಯನ್ ಸನ್ಯಾಸಿನಿಯರು ಸ್ಥಾಪಿಸಿದ ಆಸ್ಪತ್ರೆ!

ಇದಕ್ಕೆ ಕಾರಣವೇನು? ಹೋಟೆಲ್, ಹಾಸ್ಟೆಲ್, ಹಾಸ್ಪಿಟಲ್ ಈ ಮೂರೂ ಪದಗಳು ಅತಿಥಿ ಎಂಬರ್ಥದ ಒಂದೇ ಲ್ಯಾಟಿನ್ ಮೂಲದಿಂದ ಹುಟ್ಟಿದವು. ಹಳೆಯ ಫ್ರೆಂಚಿನಲ್ಲಿ ‘ಹಾಸ್ಟೆಲ್’ ಎಂದೇ ಇದ್ದ ಪದದಲ್ಲಿ ಕಾಲಕ್ರಮೇಣ ‘ಸ’ಕಾರ ಬಿದ್ದುಹೋಯಿತು. ಅದರ ಗುರುತಾಗಿ ‘ಒ’ ಅಕ್ಷರದ ತಲೆಯ ಮೇಲೆ ಪುಟ್ಟ ಟೋಪಿಯಂಥ ಚಿಹ್ನೆಯೊಂದು ಉಳಿಯಿತು. ಮುಂದೆ ಫ್ರೆಂಚ್ ಫಲಕಗಳಲ್ಲಿ ಈ ಟೋಪಿಯನ್ನು ಕಂಡಾಗ ಅಲ್ಲೊಂದು ‘ಸ’ ಕಳೆದುಹೋಗಿರಬಹುದೆಂದು ನೀವೇ ಊಹಿಸಬಹುದು.

ಕೆನಡಾದ ವಿಶ್ವವಿದ್ಯಾಲಯಗಳಲ್ಲಿ ಓದುವ ಕನ್ನಡದ ಹುಡುಗ ಹುಡುಗಿಯರು ಇಂದು ಅನೇಕರಿದ್ದಾರೆ. ರಜೆಯಲ್ಲಿ ಮೂರು ದಿನ ಕ್ವಿಬೆಕ್ ನೋಡಿ ಬರೋಣವೆಂದು ಹೊರಡುವ ವಿದ್ಯಾರ್ಥಿಯ ಕೈಯಲ್ಲಿ ಹಣ ಕಡಿಮೆ. ತಂಗುವ ಜಾಗವನ್ನು ತಪ್ಪಾಗಿ ಆರಿಸಿದರೆ ಒಂದು ತಿಂಗಳ ದಿನಸಿಯ ಹಣ ಮೂರು ರಾತ್ರಿಗಳಲ್ಲಿ ಕರಗಿಹೋಗುತ್ತದೆ. ಆದ್ದರಿಂದ ಈ ವಿಷಯವನ್ನು ಒಂದು ಗಣಿತದ ಸಮಸ್ಯೆಯಂತೆ ಬಿಡಿಸಿ ನೋಡೋಣ.

ಮೊದಲು ಊರನ್ನು ತಿಳಿಯಿರಿ

ಯಾವ ಊರಿನಲ್ಲೇ ಆಗಲಿ, ಕೊಠಡಿಯ ಬಾಡಿಗೆಯನ್ನು ನಿರ್ಧರಿಸುವುದು ಆ ಊರಿನ ಭೂಗೋಳ ಮತ್ತು ಇತಿಹಾಸ. ‘ಕ್ವಿಬೆಕ್’ ಎಂಬ ಹೆಸರು ಅಲ್ಲಿನ ಮೂಲನಿವಾಸಿಗಳ ಆಲ್ಗಾಂಕ್ವಿನ್ ಭಾಷೆಯದು. ನದಿ ಕಿರಿದಾಗುವ ಜಾಗ ಎಂದು ಅದರ ಅರ್ಥ. ವಿಶಾಲವಾದ ಸೇಂಟ್ ಲಾರೆನ್ಸ್ ನದಿ ಇಲ್ಲಿ ಸುಮಾರು 1 ಕಿಲೋಮೀಟರಿನಷ್ಟು ಅಗಲಕ್ಕೆ ಇಳಿಯುತ್ತದೆ. ದಡದಲ್ಲೇ ಕಡಿದಾದ ಬಂಡೆಯ ಗುಡ್ಡವಿದೆ. ನದಿಯಲ್ಲಿ ಬರುವ ಹಡಗುಗಳ ಮೇಲೆ ಕಣ್ಣಿಡಲು ಇದಕ್ಕಿಂತ ಒಳ್ಳೆಯ ಜಾಗ ಬೇಕೆ? 1608ರಲ್ಲಿ ಸಾಮ್ಯುಯೆಲ್ ದ ಶಾಂಪ್ಲೇನ್ ಎಂಬ ಫ್ರೆಂಚ್ ನಾವಿಕ ಇಲ್ಲಿ ನೆಲೆ ಸ್ಥಾಪಿಸಿದ. 1759ರ ಯುದ್ಧದಲ್ಲಿ ಬ್ರಿಟಿಷರು ಊರನ್ನು ಗೆದ್ದುಕೊಂಡರು. ಆದರೆ ಜನ ತಮ್ಮ ಭಾಷೆಯನ್ನು ಬಿಟ್ಟುಕೊಡಲಿಲ್ಲ. 1977ರ ಭಾಷಾ ಕಾಯಿದೆಯು ಪ್ರಾಂತ್ಯದ ಕಚೇರಿ, ಶಾಲೆ, ಅಂಗಡಿಗಳಲ್ಲೆಲ್ಲ ಫ್ರೆಂಚಿನ ಸ್ಥಾನವನ್ನು ಭದ್ರಪಡಿಸಿತು.

ಹಳೆಯ ಊರಿನ ಸುತ್ತ ಸುಮಾರು 4.6 ಕಿಲೋಮೀಟರ್ ಉದ್ದದ ಕೋಟೆಗೋಡೆ ಇಂದಿಗೂ ನಿಂತಿದೆ. ಮೆಕ್ಸಿಕೋದಿಂದ ಉತ್ತರಕ್ಕೆ ಅಮೆರಿಕಾ ಖಂಡದಲ್ಲಿ ಹೀಗೆ ಗೋಡೆ ಉಳಿಸಿಕೊಂಡಿರುವ ನಗರ ಇದೊಂದೇ. 1870ರ ದಶಕದಲ್ಲಿ ವ್ಯಾಪಾರಕ್ಕೆ ಅಡ್ಡಿಯೆಂದು ಗೋಡೆಯನ್ನು ಕೆಡವಲು ಹೊರಟವರನ್ನು ತಡೆದು, ಅದನ್ನು ಉಳಿಸುವ ಯೋಜನೆ ಮಾಡಿಸಿದವನು ಆಗಿನ ಗವರ್ನರ್ ಜನರಲ್ ಲಾರ್ಡ್ ಡಫರಿನ್. ಈ ಹೆಸರನ್ನು ನೀವು ಇತಿಹಾಸದ ಪಾಠದಲ್ಲಿ ಓದಿದ್ದೀರಿ. 1884ರಿಂದ 1888ರವರೆಗೆ ಭಾರತದ ವೈಸರಾಯ್ ಆಗಿದ್ದವನು ಇವನೇ. ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ ಸ್ಥಾಪನೆಯಾದದ್ದು ಇವನ ಅವಧಿಯಲ್ಲೇ. 1985ರಲ್ಲಿ ಯುನೆಸ್ಕೋ ಹಳೆಯ ಕ್ವಿಬೆಕ್ ಅನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು.

ಗೋಡೆ ಉಳಿಯಿತು, ಅದರೊಂದಿಗೆ ಒಂದು ಆರ್ಥಿಕ ಪರಿಣಾಮವೂ ಬಂತು. ಗೋಡೆಯೊಳಗೆ ಹೊಸ ದೊಡ್ಡ ಕಟ್ಟಡಗಳಿಗೆ ಜಾಗವಿಲ್ಲ, ಬರುವ ಪ್ರವಾಸಿಗರು ಮಾತ್ರ ಹೆಚ್ಚು. ಪೂರೈಕೆ ಕಡಿಮೆಯಾಗಿ ಬೇಡಿಕೆ ಹೆಚ್ಚಾದಾಗ ಏನಾಗುತ್ತದೆಂದು ಅರ್ಥಶಾಸ್ತ್ರ ಓದುವವರಿಗೆ ಹೇಳಬೇಕಾಗಿಲ್ಲ.

ಎಲ್ಲಿ ತಂಗಬಹುದು?

ಗುಡ್ಡದ ನೆತ್ತಿಯ ಮೇಲೆ ಅರಮನೆಯಂತೆ ಕಾಣುವ ‘ಶಾತೋ ಫ್ರಾಂಟೆನಾಕ್’ 1893ರಲ್ಲಿ ರೈಲ್ವೆ ಕಂಪನಿಯೊಂದು ಕಟ್ಟಿಸಿದ ಹೋಟೆಲು. ಅದರ ಮುಂದಿನ ಮರದ ಹಲಗೆಯ ವಿಹಾರಪಥಕ್ಕೆ ಡಫರಿನ್ನನದೇ ಹೆಸರು. ಅಲ್ಲಿ ಓಡಾಡಿ ನದಿ ನೋಡಲು ಕಾಸು ಬೇಡ. ಒಳಗೆ ಮಲಗಲು ಮಾತ್ರ ಬಹಳ ಬೇಕು. ವಿದ್ಯಾರ್ಥಿಗಳಿಗೆ ಉಳಿಯುವ ದಾರಿಗಳು ನಾಲ್ಕು.

ಒಂದು, ಹಾಸ್ಟೆಲು. ಇಲ್ಲಿ ಬಾಡಿಗೆ ಕೊಠಡಿಗಲ್ಲ, ಒಂದು ಮಂಚಕ್ಕೆ. ಸ್ನಾನದ ಮನೆ ಎಲ್ಲರಿಗೂ ಸೇರಿದ್ದು. ಅಡುಗೆಮನೆ ಇರುವುದು ದೊಡ್ಡ ಅನುಕೂಲ. ಒಬ್ಬರೇ ಬರುವ 18 ವರ್ಷದೊಳಗಿನವರಿಗೆ ಕೆಲವು ಹಾಸ್ಟೆಲುಗಳು ಜಾಗ ಕೊಡುವುದಿಲ್ಲ, ಮೊದಲೇ ಕೇಳಿ.

ಎರಡು, ‘ಜೀತ್’. ಮನೆಯವರೇ ನಡೆಸುವ, ಬೆಳಗಿನ ಉಪಾಹಾರ ಕೊಡುವ ವಸತಿ. ನಮ್ಮ ಕೊಡಗು, ಮಲೆನಾಡಿನ ಹೋಂಸ್ಟೇಗೆ ಇದನ್ನು ಹೋಲಿಸಬಹುದು.

ಮೂರು, ಬೇಸಿಗೆಯಲ್ಲಿ ಲಾವಾಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯ. ವಿದ್ಯಾರ್ಥಿಗಳು ಊರಿಗೆ ಹೋದಾಗ ಖಾಲಿ ಕೊಠಡಿಗಳನ್ನು ಪ್ರವಾಸಿಗರಿಗೆ ಕೊಡುತ್ತಾರೆ. ಇದು ಹಳೆಯ ಊರಿನಿಂದ ಪಶ್ಚಿಮಕ್ಕೆ ಸೇಂತ್ ಫುವಾ ಬಡಾವಣೆಯಲ್ಲಿದೆ, ಬಸ್ಸಿನ ಅನುಕೂಲವಿದೆ.

ನಾಲ್ಕು, ಗೋಡೆಯ ಹೊರಗಿನ ಸಣ್ಣ ಹೋಟೆಲುಗಳು. ಸೇಂ ಜಾಂ ಬಾಪ್ತಿಸ್ತ್ ಬಡಾವಣೆ ಕೋಟೆಬಾಗಿಲಿಗೆ ಹೊಂದಿಕೊಂಡೇ ಇದೆ, ನಡೆದೇ ಒಳಹೋಗಬಹುದು. ಸೇಂ ರಾಕ್ ಬಡಾವಣೆ ಗುಡ್ಡದ ಕೆಳಗಿದೆ.

ಈ ಕೆಳಗು ಮೇಲುಗಳನ್ನು ಮರೆಯಬೇಡಿ. ಊರಿಗೆ ಕೆಳಪೇಟೆ, ಮೇಲ್ಪೇಟೆ ಎಂಬ ಎರಡು ಭಾಗಗಳಿವೆ. ನಡುವಿನ ಎತ್ತರ ಸುಮಾರು 60 ಮೀಟರ್, ಅಂದರೆ 20 ಅಂತಸ್ತಿನ ಕಟ್ಟಡದಷ್ಟು. ಮಾಂಟ್ರಿಯಲ್‌ನಿಂದ ಸುಮಾರು 250 ಕಿಲೋಮೀಟರ್ ಪ್ರಯಾಣಿಸಿ ರೈಲಿನಲ್ಲೋ ಬಸ್ಸಿನಲ್ಲೋ ಬರುವವರು ಇಳಿಯುವುದು ಕೆಳಪೇಟೆಯ ‘ಗಾರ್ ದ್ಯು ಪಾಲೆ’ ನಿಲ್ದಾಣದಲ್ಲಿ. ನಕ್ಷೆಯಲ್ಲಿ ಹತ್ತಿರ ಕಾಣುವ ಕೊಠಡಿಗೆ ಪೆಟ್ಟಿಗೆ ಹೊತ್ತು ಏರುವುದು ಬೇರೆ ಮಾತು. 1879ರಿಂದ ಇರುವ ಇಳಿಜಾರು ರೈಲು ಒಂದಿದೆ. ಅದಕ್ಕೆ ಪ್ರತಿ ಸಲವೂ ಟಿಕೆಟ್ಟು. ಹಳೆಯ ಮನೆಗಳಲ್ಲಿ ಅನೇಕ ಕಡೆ ಲಿಫ್ಟೂ ಇರುವುದಿಲ್ಲ.

ಫಲಕದ ದರವೇ ಕೊನೆಯ ದರವಲ್ಲ

ಕೆನಡಾದಲ್ಲಿ ಸಾಮಾನ್ಯವಾಗಿ ಬರೆದಿರುವ ದರದಲ್ಲಿ ತೆರಿಗೆ ಸೇರಿರುವುದಿಲ್ಲ. ಕ್ವಿಬೆಕ್‌ನಲ್ಲಿ ಕೊಠಡಿಯ ಬಾಡಿಗೆಗೆ ಮೊದಲು ಶೇ. 3.5 ವಸತಿ ತೆರಿಗೆ ಸೇರುತ್ತದೆ. ಆ ಮೊತ್ತದ ಮೇಲೆ ಕೇಂದ್ರದ ಶೇ. 5 ಮತ್ತು ಪ್ರಾಂತ್ಯದ ಶೇ. 9.975 ಮಾರಾಟ ತೆರಿಗೆಗಳು. 100 ಡಾಲರ್ ಮೊದಲು 103.50 ಆಗುತ್ತದೆ. ಅದಕ್ಕೆ ಶೇ. 14.975 ಸೇರಿದರೆ 119 ಡಾಲರ್. ಅಂದರೆ ಯಾವ ಬಾಡಿಗೆಯನ್ನಾದರೂ 1.19ರಿಂದ ಗುಣಿಸಿದರೆ ನಿಜವಾದ ಖರ್ಚು ಸಿಗುತ್ತದೆ. ಫಲಕದ ಮೇಲೆ ‘ತಾಕ್ಸ್ ಆಂಕ್ಲ್ಯೂಜ್’ ಎಂದಿದ್ದರೆ ಮಾತ್ರ ತೆರಿಗೆ ಸೇರಿದೆ ಎಂದರ್ಥ.

ಈಗ ಒಂದು ಉದಾಹರಣೆ. ಇಲ್ಲಿಯ ಅಂಕಿಗಳು ಲೆಕ್ಕಕ್ಕಾಗಿ ಊಹಿಸಿದವು; ವಿಧಾನವನ್ನಷ್ಟೇ ಗಮನಿಸಿ. ಇಬ್ಬರು ಗೆಳತಿಯರು ಮೂರು ರಾತ್ರಿ ತಂಗಬೇಕು.

ಕೊಠಡಿ ‘ಅ’ ಗೋಡೆಯೊಳಗಿದೆ. ದಿನಕ್ಕೆ 150 ಡಾಲರ್, ಉಪಾಹಾರ ಸೇರಿದೆ. ತೆರಿಗೆಯೊಂದಿಗೆ ಮೂರು ರಾತ್ರಿಗೆ 535.50 ಡಾಲರ್.

ಕೊಠಡಿ ‘ಆ’ ದೂರದ ಬಡಾವಣೆಯಲ್ಲಿದೆ. ದಿನಕ್ಕೆ 110 ಡಾಲರ್, ಉಪಾಹಾರವಿಲ್ಲ. ತೆರಿಗೆಯೊಂದಿಗೆ 392.70 ಡಾಲರ್. ಮೇಲ್ನೋಟಕ್ಕೆ 142.80 ಡಾಲರ್ ಉಳಿತಾಯ. ಆದರೆ ಇಬ್ಬರೂ ದಿನಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ ಬರಬೇಕು. ಒಂದು ಸಲಕ್ಕೆ 4 ಡಾಲರ್ ಎಂದರೆ ದಿನಕ್ಕೆ 16, ಮೂರು ದಿನಕ್ಕೆ 48. ಹೊರಗಿನ ಉಪಾಹಾರ ತಲೆಗೆ 12 ಡಾಲರ್ ಎಂದರೆ ಮೂರು ದಿನಕ್ಕೆ 72. ಒಟ್ಟು 512.70. ಉಳಿತಾಯ ಕೇವಲ 22.80 ಡಾಲರಿಗೆ ಇಳಿಯಿತು. ಮಧ್ಯಾಹ್ನ ವಿಶ್ರಾಂತಿಗೆಂದು ಪ್ರತಿದಿನ ಇನ್ನೊಮ್ಮೆ ಹೋಗಿ ಬಂದರೆ ಮತ್ತೆ 48 ಸೇರಿ 560.70 ಆಗುತ್ತದೆ, ‘ಅಗ್ಗದ’ ಕೊಠಡಿಯೇ ದುಬಾರಿ!

ಹಾಗಾದರೆ ದೂರದ ಕೊಠಡಿ ಬೇಡವೆ? ಹಾಗೇನಿಲ್ಲ. ಮಧ್ಯಾಹ್ನ ಮರಳದೆ, ಅಂಗಡಿಯಿಂದ ಬ್ರೆಡ್ಡು, ಹಾಲು, ಹಣ್ಣು ತಂದು ತಲೆಗೆ 4 ಡಾಲರಿನಲ್ಲಿ ಉಪಾಹಾರ ಮುಗಿಸಿದರೆ ‘ಆ’ ಕೊಠಡಿಯ ಒಟ್ಟು ಖರ್ಚು 464.70. ಆಗ 70.80 ಡಾಲರ್ ನಿಜವಾಗಿಯೂ ಉಳಿಯುತ್ತದೆ. ಹಾಸ್ಟೆಲಿನಲ್ಲಿ ಮಂಚವೊಂದಕ್ಕೆ 45 ಡಾಲರಿನಂತೆ ಇಬ್ಬರಿಗೆ ಮೂರು ರಾತ್ರಿಗೆ ತೆರಿಗೆ ಸೇರಿ 321.30. ಬಾಡಿಗೆ, ಪ್ರಯಾಣ, ಊಟ, ಸಮಯ ಈ ನಾಲ್ಕನ್ನೂ ಕೂಡಿಸದೆ ಯಾವುದು ಅಗ್ಗ ಎಂದು ಹೇಳಲಾಗದು.

ಯಾವಾಗ ಹೋಗಬೇಕು?

ಜುಲೈನಲ್ಲಿ ಬೇಸಿಗೆಯ ದೊಡ್ಡ ಸಂಗೀತೋತ್ಸವ; ಜನವರಿಯ ಕೊನೆ ಮತ್ತು ಫೆಬ್ರವರಿಯಲ್ಲಿ ಚಳಿಗಾಲದ ಕಾರ್ನಿವಲ್; ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಮೇಪಲ್ ಎಲೆಗಳು ಕೆಂಪಾಗುವ ಕಾಲ. ಈ ದಿನಗಳಲ್ಲಿ ದರ ಏರುತ್ತದೆ, ಎಲ್ಲೆಲ್ಲೂ ‘ಕಾಂಪ್ಲೆ’ ಅಂದರೆ ‘ಭರ್ತಿ’ ಎಂಬ ಫಲಕ. ನವೆಂಬರ್ ಮತ್ತು ಏಪ್ರಿಲ್‌ನಲ್ಲಿ ದರ ಸಾಮಾನ್ಯವಾಗಿ ಇಳಿದಿರುತ್ತದೆ. ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 12 ಡಿಗ್ರಿ ಕೆಳಗೆ. ಬೆಚ್ಚನೆಯ ಬೂಟು, ಕೋಟು ಇಲ್ಲದವರು ಅವುಗಳ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಊಟದ ಮಾತು

ಫ್ರಾನ್ಸಿನಲ್ಲಿ ‘ದೆಜ್ಯೂನೆ’ ಎಂದರೆ ಮಧ್ಯಾಹ್ನದ ಊಟ. ಕ್ವಿಬೆಕ್‌ನಲ್ಲಿ ಅದೇ ಪದಕ್ಕೆ ಬೆಳಗಿನ ಉಪಾಹಾರ ಎಂದರ್ಥ. ಮಧ್ಯಾಹ್ನದ್ದು ‘ದಿನೆ’, ರಾತ್ರಿಯದು ‘ಸೂಪೆ’. ಕೊಠಡಿಯ ಜೊತೆ ‘ದೆಜ್ಯೂನೆ’ ಉಚಿತವೆಂದರೆ ಮಧ್ಯಾಹ್ನ ತಟ್ಟೆ ಹಿಡಿದು ಕಾಯಬೇಡಿ! ಉಪಾಹಾರ ಗೃಹಗಳಲ್ಲಿ ಬಿಲ್ಲಿಗೆ ತೆರಿಗೆ ಸೇರುತ್ತದೆ. ಬಡಿಸುವವರಿಗೆ ತೆರಿಗೆಗೆ ಮೊದಲಿನ ಮೊತ್ತದ ಸುಮಾರು ಶೇ. 15 ಭಕ್ಷೀಸು ಕೊಡುವುದು ವಾಡಿಕೆ. ಅಂಗಡಿಯಲ್ಲಿ ಕೊಳ್ಳುವ ಅಕ್ಕಿ, ತರಕಾರಿ, ಹಾಲಿನಂಥ ಮೂಲ ಆಹಾರಕ್ಕೆ ಮಾರಾಟ ತೆರಿಗೆ ಇಲ್ಲ. ಹಾಸ್ಟೆಲಿನ ಅಡುಗೆಮನೆಯ ಬೆಲೆ ಈಗ ತಿಳಿಯಿತಲ್ಲವೆ? ಸಸ್ಯಾಹಾರಿಗಳಿಗೊಂದು ಸೂಚನೆ: ಅಲ್ಲಿನ ಪ್ರಸಿದ್ಧ ಬಟಾಣಿ ಸಾರಿನಲ್ಲಿ ಸಾಂಪ್ರದಾಯಿಕವಾಗಿ ಹಂದಿಮಾಂಸ ಇರುತ್ತದೆ. ‘ಪೂತೀನ್’ ಎಂಬ ಆಲೂಗಡ್ಡೆ ತಿನಿಸಿಗೆ ಸುರಿಯುವ ಗೊಜ್ಜಿನಲ್ಲೂ ಮಾಂಸದ ರಸ ಇರಬಹುದು. ಕೇಳಿ ತಿನ್ನಿ.

ಅಗ್ಗಕ್ಕೂ ಒಂದು ಮಿತಿ

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ವಿಷಯ. 2023ರ ಮಾರ್ಚ್‌ನಲ್ಲಿ ಮಾಂಟ್ರಿಯಲ್‌ನ ಹಳೆಯ ಬಡಾವಣೆಯ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು ಏಳು ಮಂದಿ ಸತ್ತರು. ಅಲ್ಲಿ ಪ್ರವಾಸಿಗರಿಗೆ ಅಲ್ಪಾವಧಿಗೆ ಬಾಡಿಗೆ ಕೊಡುವಂತಿರಲಿಲ್ಲ, ಆದರೂ ಕೊಡುತ್ತಿದ್ದರು. ಕಿಟಕಿಯೇ ಇಲ್ಲದ ಕೋಣೆಗಳೂ ಇದ್ದವೆಂಬುದು ಬೆಳಕಿಗೆ ಬಂತು. ಅದೇ ವರ್ಷ ಕ್ವಿಬೆಕ್ ಸರ್ಕಾರ ಕಾನೂನನ್ನು ಬಿಗಿಗೊಳಿಸಿ, ನೋಂದಣಿ ಸಂಖ್ಯೆ ಇಲ್ಲದ ಪ್ರವಾಸಿ ವಸತಿಯ ಜಾಹೀರಾತನ್ನು ಬಾಡಿಗೆ ಜಾಲತಾಣಗಳು ಹಾಕಬಾರದೆಂದು ಕಡ್ಡಾಯ ಮಾಡಿತು. ಆದ್ದರಿಂದ ಯಾವ ಮನೆಯನ್ನೇ ಆಗಲಿ ಗೊತ್ತುಮಾಡುವ ಮೊದಲು ಈ ಸಂಖ್ಯೆಯನ್ನು ನೋಡಿ. ಹೋದ ಕೂಡಲೇ ಕಿಟಕಿ ತೆರೆಯುತ್ತದೆಯೇ, ಹೊಗೆ ಸೂಚಕ ಇದೆಯೇ, ಹೊರಹೋಗುವ ಎರಡನೆಯ ದಾರಿ ಎಲ್ಲಿದೆ, ಈ ಮೂರನ್ನು ಪರೀಕ್ಷಿಸಿ. ಇವು ಇಲ್ಲದ ಕೋಣೆ ಎಷ್ಟೇ ಅಗ್ಗವಾದರೂ ಬೇಡ. ನೋಂದಣಿಯಿಲ್ಲದ ಬಾಡಿಗೆ ಊರಿನವರಿಗೂ ಕೇಡು. ಮನೆಗಳೆಲ್ಲ ಪ್ರವಾಸಿಗರ ಪಾಲಾದರೆ ಅಲ್ಲೇ ಹುಟ್ಟಿ ಬೆಳೆದವರು ಎಲ್ಲಿ ವಾಸಿಸಬೇಕು?

ಈಗ ನಿಮಗೊಂದು ಅಭ್ಯಾಸ. ಕ್ವಿಬೆಕ್‌ಗೆ ಎಂದಾದರೂ ಹೋಗುವಿರೋ ಇಲ್ಲವೋ, ಲೆಕ್ಕ ಮಾತ್ರ ಎಲ್ಲ ಊರಿಗೂ ಒಂದೇ. ಬೀದರಿಗೋ ಹಂಪಿಗೋ ನಿಮ್ಮ ತರಗತಿಯ ನಾಲ್ವರು ಎರಡು ರಾತ್ರಿಗೆ ಹೋಗುವುದಾದರೆ ಎಷ್ಟಾಗುತ್ತದೆ? ಒಂದು ಹಾಳೆಯಲ್ಲಿ ಬಾಡಿಗೆ, ತೆರಿಗೆ, ಪ್ರಯಾಣ, ಊಟ, ಸಮಯ ಎಂದು ಐದು ಕಾಲಂ ಎಳೆಯಿರಿ. ಹಂಪಿಗೆ ಹೋಗುವವರು ಹೊಸಪೇಟೆಯ ಲಾಡ್ಜಿಗೊಂದು, ಹಂಪಿಯ ಸಮೀಪದ ಕೊಠಡಿಗೊಂದು ಸಾಲು ತುಂಬಿಸಿ ಕೂಡಿ ನೋಡಿ. ಉತ್ತರ ಅಲ್ಲೇ ಸಿಗುತ್ತದೆ.