ಲೆಕ್ಕದ ಪುಸ್ತಕ ನೀರಿಗೆ ಬಿದ್ದರೂ...

ಸೋದರಿಯರೇ, ನಮ್ಮ ಹಪ್ಪಳ-ಸಂಡಿಗೆ ವ್ಯಾಪಾರದ ಲೆಕ್ಕವೆಲ್ಲಾ ಮೊದಲು ಒಂದು ನೋಟ್‌ಬುಕ್ಕಿನಲ್ಲಿತ್ತು. ಎಣ್ಣೆ ಜಿಡ್ಡು, ಅರಿಶಿನದ ಕಲೆ, ಮೇಲೆ ನನ್ನ ಅಕ್ಷರ ಬೇರೆ! ಮಗಳು ರಜಕ್ಕೆ ಬಂದವಳು, “ಅಮ್ಮಾ, ಇದನ್ನು ಗೂಗಲ್ ಶೀಟ್ಸ್‌ಗೆ ಹಾಕೋಣ” ಎಂದಳು. ಒಲ್ಲದ ಮನಸ್ಸಿನಿಂದಲೇ ಒಪ್ಪಿದೆ.

ಕಳೆದ ಬೇಸಿಗೆಯಲ್ಲಿ ಸಂಡಿಗೆ ಹಿಟ್ಟು ಕಾಯಿಸುವ ಗಡಿಬಿಡಿಯಲ್ಲಿ ನನ್ನ ಮೊಬೈಲು ನೀರಿನ ಹಂಡೆಗೆ ಬಿತ್ತು. 18 ಮನೆಗಳ ಬಾಕಿ ಅದರಲ್ಲೇ ಇತ್ತಲ್ಲ, ನನಗೆ ಕೈಕಾಲೇ ಆಡಲಿಲ್ಲ. ಆದರೆ ಸಿಮ್ ತೆಗೆದು ಯಜಮಾನರ ಮೊಬೈಲಿಗೆ ಹಾಕಿ, ನನ್ನ ಜಿಮೇಲ್ ಹೆಸರು, ಪಾಸ್‌ವರ್ಡ್ ಕೊಟ್ಟು, ಮೆಸೇಜಿನಲ್ಲಿ ಬಂದ ಒಟಿಪಿ ಒತ್ತಿದೆವು ನೋಡಿ, ಲೆಕ್ಕವೆಲ್ಲಾ ಹಾಗೇ ಇತ್ತು!

ಇದು ಹೇಗೆ ಅಂತೀರಾ? ಬ್ಯಾಂಕಿನ ಪಾಸ್‌ಬುಕ್ ಕಳೆದರೆ ದುಡ್ಡು ಹೋಗುವುದಿಲ್ಲವಷ್ಟೆ? ಹಾಗೆಯೇ ನಾವು ಬರೆದ ಲೆಕ್ಕ ಮೊಬೈಲಿನಲ್ಲಿ ಕಾಣುತ್ತದೆ, ಆದರೆ ಇರುವುದು ಕಂಪನಿಯ ದೊಡ್ಡ ಕಂಪ್ಯೂಟರುಗಳಲ್ಲಿ. ಅದಕ್ಕೆ ಸರ್ವರ್ ಎನ್ನುತ್ತಾರೆ. ನೆಟ್ ಇದ್ದಾಗ ನಾವು ಬರೆದದ್ದೆಲ್ಲ ತಾನಾಗಿಯೇ ಅಲ್ಲಿ ಸೇರುತ್ತದೆ. ಗೂಗಲ್ 15 ಜಿಬಿ ಜಾಗವನ್ನು ಪುಕ್ಕಟೆಯಾಗಿ ಕೊಡುತ್ತದೆ. ಅದರಲ್ಲೇ ಮೇಲ್, ಫೋಟೋ ಎಲ್ಲವೂ ಸೇರಿರುವುದರಿಂದ ಮದುವೆ-ಮುಂಜಿ ವಿಡಿಯೋ ತುಂಬಿ ಲೆಕ್ಕಕ್ಕೇ ಜಾಗ ಇಲ್ಲದಂತೆ ಮಾಡಿಕೊಳ್ಳಬೇಡಿ.

ಶೀಟ್ಸ್‌ನಲ್ಲಿ ತಾರೀಖು, ಹೆಸರು, ಸಾಮಾನು, ದರ, ಬಂದದ್ದು, ಬಾಕಿ, ಇಷ್ಟು ಕಲಮು ಸಾಕು. ಕನ್ನಡದಲ್ಲೇ ಬರೆಯಬಹುದು. ಒಮ್ಮೆ ಸೂತ್ರ ಹಾಕಿಟ್ಟರೆ ಮೊತ್ತ ಅದೇ ಕೂಡಿಕೊಳ್ಳುತ್ತದೆ. ಬಿಲ್ಲಿಗೆ ಗೂಗಲ್ ಡಾಕ್ಸ್‌ನಲ್ಲಿ ಒಂದು ಮಾದರಿ ಮಾಡಿಟ್ಟು, ಪ್ರತಿ ಸಲ ಅದರ ನಕಲು ತೆಗೆದು ಹೆಸರು, ಮೊತ್ತ ತುಂಬಿ. ಪಿಡಿಎಫ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದರೆ ಅಂಗಡಿಯವರೂ ಗೌರವದಿಂದ ಮಾತಾಡಿಸುತ್ತಾರೆ, ಇದು ನನ್ನ ಅನುಭವ!

ಆದರೆ ಒಂದು ಎಚ್ಚರಿಕೆ. ನನ್ನ ಜತೆ ದುಡಿಯುವ ಪಕ್ಕದ ಮನೆಯವರಿಗೂ ಲೆಕ್ಕ ಕಾಣಲಿ ಎಂದು ನಾನು ‘ಎಡಿಟರ್’ ಹಕ್ಕು ಕೊಟ್ಟಿದ್ದೆ. ಅವರ ಮೊಮ್ಮಗ ಆಟವಾಡುತ್ತಾ ಬಾಕಿಯ ಕಲಮನ್ನೇ ಅಳಿಸಿಬಿಟ್ಟ! ಎರಡು ದಿನ ನಾವಿಬ್ಬರೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಮಗಳು ಕಂಪ್ಯೂಟರಿನಲ್ಲಿ ‘ಫೈಲ್’ ಒತ್ತಿ, ‘ವರ್ಷನ್ ಹಿಸ್ಟರಿ’ಯಲ್ಲಿ ಹಿಂದಿನ ದಿನದ ಪ್ರತಿ ತೆಗೆದು ವಾಪಸು ತಂದಳು. ನೋಡುವವರಿಗೆ ‘ವ್ಯೂವರ್’ ಹಕ್ಕು ಸಾಕು, ತಿದ್ದುವವರಿಗೆ ಮಾತ್ರ ‘ಎಡಿಟರ್’. ‘ಲಿಂಕ್ ಇದ್ದವರೆಲ್ಲ’ ಎಂಬುದನ್ನಂತೂ ಒತ್ತಲೇಬೇಡಿ, ಲಿಂಕು ಕೈಯಿಂದ ಕೈಗೆ ಹೋದರೆ ನಿಮ್ಮ ಗಿರಾಕಿಗಳ ಹೆಸರು, ಬಾಕಿ ಊರಿಗೆಲ್ಲಾ ಗೊತ್ತಾದೀತು. ಕೈತಪ್ಪಿ ಫೈಲನ್ನೇ ಅಳಿಸಿದರೆ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ಅಷ್ಟರೊಳಗೆ ಹುಡುಕಿ.

ಇನ್ನೊಂದು. ಖಾತೆ ಮಗನದೋ ಯಜಮಾನರದೋ ಬೇಡ, ನಿಮ್ಮ ಹೆಸರಿನಲ್ಲೇ, ನಿಮ್ಮ ಫೋನ್ ನಂಬರಿನಲ್ಲೇ ತೆರೆಯಿರಿ. ದುಡಿಮೆ ನಿಮ್ಮದಾದ ಮೇಲೆ ಬೀಗದ ಕೈ ಬೇರೆಯವರ ಸೊಂಟದಲ್ಲಿ ಏಕೆ? ಪಾಸ್‌ವರ್ಡ್ ಬರೆದ ಚೀಟಿಯನ್ನು ನಾನು ಎಲ್ಲಿಟ್ಟಿದ್ದೇನೆ ಅಂತ ಮಾತ್ರ ಕೇಳಬೇಡಿ, ಯಜಮಾನರೂ ಈ ಪತ್ರಿಕೆ ಓದುತ್ತಾರೆ!

ಹಳೆಯ ನೋಟ್‌ಬುಕ್ಕನ್ನು ನಾನಿನ್ನೂ ಎಸೆದಿಲ್ಲ. ಹಳೇ ಬಾಕಿಯ ಇಬ್ಬರ ಹೆಸರು ಅದರಲ್ಲೇ ಇದೆ. ಈ ದೀಪಾವಳಿಗಾದರೂ ಕೊಡುತ್ತಾರೇನೋ ನೋಡಬೇಕು.