ಮಲ್ಪೆಯ ಕಡಲಲ್ಲಿ ಕಲ್ಲಿನ ಕಂಬಗಳು

ರಜೆ ಮುಗಿಸಿ ತರಗತಿಗೆ ಮರಳಿದ ವಿದ್ಯಾರ್ಥಿಯೊಬ್ಬನು ಒಂದು ಚಿತ್ರವನ್ನು ನನ್ನ ಮೇಜಿನ ಮೇಲಿಟ್ಟು, “ಸಾರ್, ಸಮುದ್ರದ ನಡುವೆ ಈ ಕಂಬಗಳನ್ನು ಕೆತ್ತಿದವರು ಯಾರು?” ಎಂದು ಕೇಳಿದನು. ಅದು ಉಡುಪಿಯ ಬಳಿಯ ಸೇಂಟ್ ಮೇರಿ ದ್ವೀಪದ ಚಿತ್ರ. ಐದಾರು ಮುಖಗಳುಳ್ಳ ಕಪ್ಪು ಕಂಬಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುವುವು; ನುರಿತ ಶಿಲ್ಪಿಯೊಬ್ಬನು ನೂಲು ಹಿಡಿದು ಅಳೆದು ಕಡೆದಂತೆ ತೋರುವುವು. ಕಾದ ವಸ್ತು ತಣಿಯುವಾಗ ಕುಗ್ಗುವುದೆಂಬ ನಿಯಮವೇ ಇಲ್ಲಿಯ ಶಿಲ್ಪಿ ಎಂದು ನಾನು ಹೇಳಿದಾಗ ಅವನು ನಂಬಲಿಲ್ಲ. ಪ್ರೌಢಶಾಲೆಯಲ್ಲಿ ಕಲಿತ ಅಷ್ಟು ಸಣ್ಣ ನಿಯಮ ಇಷ್ಟು ದೊಡ್ಡ ಕೆಲಸ ಮಾಡೀತೇ ಎಂಬುದು ಅವನ ಸಂದೇಹ. ಆ ಸಂದೇಹಕ್ಕೆ ಉತ್ತರವಾಗಿ ಈ ಲೇಖನ.

ಬೆಂಗಳೂರಿನಿಂದ ಉಡುಪಿಗೆ ಸುಮಾರು 400 ಕಿಲೋಮೀಟರು. ಉಡುಪಿಯ ಪಶ್ಚಿಮಕ್ಕೆ ಮಲ್ಪೆ ಬಂದರು. ಅಲ್ಲಿಂದ ಸುಮಾರು ಆರು ಕಿಲೋಮೀಟರು ದೂರದಲ್ಲಿ, ಕಡಲೊಳಗೆ, ಉತ್ತರ ದಕ್ಷಿಣವಾಗಿ ಸಾಲುಗೊಂಡ ನಾಲ್ಕು ಪುಟ್ಟ ದ್ವೀಪಗಳುಂಟು. ಊರಿನವರು ಇವನ್ನು ತೋನ್ಸೆಪಾರ್ ಎಂದು ಕರೆಯುವರು. ದೋಣಿಗಳು ಜನರನ್ನು ಇಳಿಸುವುದು ತೆಂಗಿನಮರಗಳಿಂದ ತುಂಬಿದ ದ್ವೀಪದಲ್ಲಿ. ಅದರ ಉದ್ದ ಅರ್ಧ ಕಿಲೋಮೀಟರು, ಅಗಲ ನೂರು ಮೀಟರು ಮಾತ್ರ. 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿ ಮೇರಿ ಮಾತೆಯ ಹೆಸರಿನಲ್ಲಿ ಒಂದು ಕಲ್ಲಿನ ಕಂಬವನ್ನು ನೆಟ್ಟನೆಂದೂ ಅದರಿಂದಲೇ ಈ ಹೆಸರು ಬಂದಿತೆಂದೂ ಹೇಳುವರು. ಅವನು ನೆಟ್ಟ ಕಂಬ ಒಂದು. ನಿಸರ್ಗವು ಅದಕ್ಕೆ ಬಹು ಮೊದಲೇ ನೆಟ್ಟ ಕಂಬಗಳು ಅಸಂಖ್ಯ. ಅವುಗಳಲ್ಲಿ ಕೆಲವು ಆರು ಮೀಟರುಗಳಷ್ಟು ಎತ್ತರವಾಗಿವೆ.

ಇದು ಜ್ವಾಲಾಮುಖಿಯ ದ್ವೀಪವೆಂದರೆ ಹೊಗೆಯಾಡುವ ಬೆಟ್ಟವನ್ನು ಯಾರೂ ಹುಡುಕಬೇಕಾಗಿಲ್ಲ. ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳ ಹಿಂದೆ ಭಾರತವೂ ಮಡಗಾಸ್ಕರವೂ ಒಂದಕ್ಕೊಂದು ಅಂಟಿಕೊಂಡಿದ್ದುವು. ಅವು ಅಗಲತೊಡಗಿದ ಕಾಲದಲ್ಲಿ ಭೂಮಿಯ ಹೊರಪದರ ಹಿಗ್ಗಿ ಬಿರಿದು, ಒಳಗಿನ ಶಿಲಾರಸವು ಮೇಲಕ್ಕೆ ಉಕ್ಕಿತು. ಅದು ಹೆಪ್ಪುಗಟ್ಟಿದ ಒಂದು ತುಣುಕೇ ಈ ದ್ವೀಪ. ಅದೇ ಕಾಲದ ಅಗ್ನಿಶಿಲೆಗಳು ಇಂದು ಸಾವಿರಾರು ಕಿಲೋಮೀಟರು ಆಚೆ ಮಡಗಾಸ್ಕರದಲ್ಲಿ ಹೇರಳವಾಗಿವೆ. ಇಲ್ಲಿಯ ಕಲ್ಲನ್ನು ಜನರು ಸಾಮಾನ್ಯವಾಗಿ ಬಸಾಲ್ಟ್ ಎನ್ನುವರು. ಆದರೆ ಇದರಲ್ಲಿ ಸಿಲಿಕಾಂಶ ಹೆಚ್ಚು. ಭೂವಿಜ್ಞಾನಿಗಳು ಇದನ್ನು ರಯೋಡಸೈಟ್ ಎಂದು ಹೆಸರಿಸುವರು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ದಖ್ಖನಿನ ಬಸಾಲ್ಟಿಗಿಂತ ಇದು ಹಿರಿಯದು.

ಇನ್ನು ಕಂಬಗಳಾದ ಬಗೆಯನ್ನು ನೋಡೋಣ. ಶಿಲಾರಸವು ಗಾಳಿಗೆ ತೆರೆದ ಮೇಲ್ಮೈಯಲ್ಲಿ ಮೊದಲು ಗಟ್ಟಿಯಾಗುವುದು. ಗಟ್ಟಿಯಾದ ಮೇಲೂ ಅದು ನೂರಾರು ಡಿಗ್ರಿಗಳಷ್ಟು ತಣಿಯಬೇಕು, ತಣಿದಂತೆ ಕುಗ್ಗಬೇಕು. ಆದರೆ ಕೆಳಗಿನ ಬಿಸಿ ಪದರಕ್ಕೆ ಅದು ಕಚ್ಚಿಕೊಂಡಿರುವುದರಿಂದ ಸರಾಗವಾಗಿ ಕುಗ್ಗಲಾರದು. ಎಲ್ಲ ಕಡೆಯಿಂದಲೂ ಎಳೆತ ಹೆಚ್ಚಿ, ಕಲ್ಲು ಕೊನೆಗೆ ಸೀಳುವುದು.

ಬೇಸಗೆಯಲ್ಲಿ ನೀರಾರಿದ ಕೆರೆಯಂಗಳವನ್ನು ನೀವು ನೋಡಿರುವಿರಿ. ಅಲ್ಲಿಯ ಕೆಸರಿನಲ್ಲಿ ಒಂದು ಬಿರುಕು ಮೊದಲು ಮೂಡುವುದು. ಮತ್ತೊಂದು ಬಂದು ಅದನ್ನು ಲಂಬಕೋನದಲ್ಲಿ ಸೇರುವುದು. ಶಿಲಾರಸದ ಮೇಲ್ಮೈಯಲ್ಲಿಯೂ ಆರಂಭ ಹೀಗೆಯೇ. ಆದರೆ ತಂಪು ಒಳಕ್ಕೆ ಇಳಿದಂತೆ ಬಿರುಕುಗಳೂ ಅದರ ಬೆನ್ನು ಹಿಡಿದು ಇಳಿಯುವುವು. ಇಳಿಯುತ್ತ ಇಳಿಯುತ್ತ ತಮ್ಮ ದಾರಿಯನ್ನು ತಿದ್ದಿಕೊಂಡು, ಮೂರು ಮೂರು ಬಿರುಕುಗಳು 120 ಡಿಗ್ರಿಗಳ ಕೋನದಲ್ಲಿ ಕೂಡುವುವು. ಅಂಥ ಕೂಡುವಿಕೆಯಿಂದ ಉಂಟಾಗುವ ಆಕೃತಿ ಷಟ್ಕೋನ.

ಷಟ್ಕೋನದಲ್ಲಿ ಒಂದು ಮಿತವ್ಯಯವೂ ಉಂಟು. ಸಂದಿಲ್ಲದೆ ನೆಲವನ್ನು ಮುಚ್ಚಬಲ್ಲ ಸಮಭುಜಾಕೃತಿಗಳು ತ್ರಿಕೋನ, ಚೌಕ, ಷಟ್ಕೋನ ಈ ಮೂರೇ. ಒಂದು ಚದರ ಮೀಟರು ವಿಸ್ತಾರವನ್ನು ಸುತ್ತುವರಿಯಲು ತ್ರಿಕೋನಕ್ಕೆ 4.56, ಚೌಕಕ್ಕೆ 4, ಷಟ್ಕೋನಕ್ಕೆ 3.72 ಮೀಟರು ಅಂಚು ಬೇಕು. ಕಲ್ಲನ್ನು ಸೀಳಲು ಶಕ್ತಿ ವ್ಯಯವಾಗುವುದಷ್ಟೆ. ಅಂಚು ಕಡಿಮೆಯಾದಷ್ಟೂ ಸೀಳಬೇಕಾದ ಮೇಲ್ಮೈಯೂ ಕಡಿಮೆ. ಜೇನುಗೂಡಿನಲ್ಲಿ ಕಾಣುವ ಆಕೃತಿಯೂ ಇದೇ. ಆದರೆ ನಿಸರ್ಗವು ರೇಖಾಗಣಿತದ ಪುಸ್ತಕವಲ್ಲ. ದ್ವೀಪದಲ್ಲಿ ನಾಲ್ಕು, ಐದು, ಏಳು ಮುಖಗಳ ಕಂಬಗಳೂ ಇವೆ. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ಎಂಬಲ್ಲಿ ಸುಮಾರು 40,000 ಕಂಬಗಳಿವೆ, ಅಲ್ಲಿಯೂ ಹೀಗೆಯೇ.

ಇಷ್ಟಕ್ಕೂ ತೃಪ್ತಿಯಾಗದವರು ಮನೆಯಲ್ಲಿಯೇ ಪರೀಕ್ಷಿಸಬಹುದು. ಅಂಗಡಿಯಲ್ಲಿ ದೊರೆಯುವ ಕಾರ್ನ್‌ಫ್ಲೋರನ್ನು ಸಮತೂಕದ ನೀರಿನಲ್ಲಿ ಕಲಸಿ, ಒಂದು ಬಟ್ಟಲಿಗೆ ಹುಯ್ದು, ಬೆಚ್ಚಗಿನ ಕಡೆ ಕೆಲವು ದಿನ ಒಣಗಲು ಬಿಡಿ. ಪೂರ್ತಿ ಆರಿದ ಗಟ್ಟಿಯನ್ನು ಮೆಲ್ಲನೆ ಮುರಿದರೆ ಒಳಗೆ ಕಡ್ಡಿಯಷ್ಟು ಸಣ್ಣ ಕಂಬಗಳು ಕಾಣುವುವು. ಇಲ್ಲಿ ಹೊರಟುಹೋದುದು ಶಾಖವಲ್ಲ, ನೀರು. ಆದರೂ ಕುಗ್ಗುವ ಕ್ರಮ ಒಂದೇ. ಬೇಗ ಒಣಗಿಸಿದರೆ ಕಂಬಗಳು ಇನ್ನೂ ಸಣ್ಣವಾಗುವುವು. ಶಿಲಾರಸವೂ ಹಾಗೆಯೇ: ಬೇಗ ತಣಿದುದು ಸಣ್ಣ ಕಂಬ, ನಿಧಾನವಾಗಿ ತಣಿದುದು ದಪ್ಪ ಕಂಬ.

ದ್ವೀಪದಿಂದ ಮರಳಿದವರು ಸುತ್ತಣ ಊರುಗಳಲ್ಲಿಯೂ ಕಲ್ಲನ್ನು ಓದಬಹುದು. ಉಡುಪಿಯ ಹಳೆಯ ಮನೆಗಳ ಗೋಡೆಯ ಮುರಕಲ್ಲು, ಮಳೆಯೂ ಬಿಸಿಲೂ ಬಂಡೆಯನ್ನು ಕೊರೆದು ಕಬ್ಬಿಣದ ಅಂಶವನ್ನು ಉಳಿಸಿದುದರ ಫಲ. 1807ರಲ್ಲಿ ಬುಕಾನನ್ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. ದಕ್ಷಿಣಕ್ಕೆ ಕಾಪುವಿನಲ್ಲಿ, ಕಡಲಂಚಿನ ಬಂಡೆಯ ಮೇಲೆ, 1901ರ ದೀಪಸ್ತಂಭವಿದೆ. ಕಾರ್ಕಳದಲ್ಲಿ 1432ರಲ್ಲಿ ನಿಲ್ಲಿಸಿದ, ಸುಮಾರು 42 ಅಡಿ ಎತ್ತರದ ಗೊಮ್ಮಟನಿದ್ದಾನೆ. ಅಷ್ಟು ದೊಡ್ಡ ಮೂರ್ತಿಗೆ ಬಿರುಕಿಲ್ಲದ ಒಂದೇ ಬಂಡೆ ಬೇಕಾಯಿತು; ದ್ವೀಪದಲ್ಲಿಯಾದರೋ ಬಿರುಕೇ ಶಿಲ್ಪ. ಬೆಂಗಳೂರಿಗೆ ಹಿಂದಿರುಗಿ ಲಾಲ್‌ಬಾಗಿನ ಬಂಡೆಯನ್ನು ಏರಿದರೆ ಕಾಲ ಕೆಳಗಿರುವುದು ಸುಮಾರು 300 ಕೋಟಿ ವರ್ಷಗಳ ಶಿಲೆ. ಅದರ ಮುಂದೆ ಮಲ್ಪೆಯ ಕಂಬಗಳು ನಿನ್ನೆ ಹುಟ್ಟಿದ ಕೂಸುಗಳು.

ಹೊರಡುವವರು ಗಮನಿಸಬೇಕಾದುದು ಇಷ್ಟು. ಮಳೆಗಾಲದಲ್ಲಿ ದೋಣಿಗಳು ನಡೆಯವು. ಅಲೆ ಬಡಿಯುವ ಬಂಡೆಗಳು ಜಾರುವುವು; ಚಿತ್ರ ತೆಗೆಯುವ ಆತುರದಲ್ಲಿ ಅವುಗಳ ಅಂಚಿಗೆ ಹೋಗಬಾರದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಈ ತಾಣವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಆದುದರಿಂದ ಕಲ್ಲಿನ ಚೂರನ್ನೂ ಅಲ್ಲಿಂದ ತರಬಾರದು.

ಆ ವಿದ್ಯಾರ್ಥಿಯ ಚಿತ್ರದಲ್ಲಿ, ಎಲ್ಲಕ್ಕಿಂತ ಮುಂದಿದ್ದ ಕಂಬದ ಮೇಲೆ, ಯಾರೋ ತಮ್ಮ ಹೆಸರನ್ನು ಗೀಚಿದ್ದರು. ಮುರಿದ ಕೊಂಬೆ ಚಿಗುರೀತು. ಮುರಿದ ಕಂಬ ಚಿಗುರದು. ಅದನ್ನು ಮತ್ತೆ ಮಾಡಲು ಇನ್ನೊಂದು ಖಂಡವೇ ಒಡೆಯಬೇಕು. “ಮುಂದಿನ ರಜೆಯಲ್ಲಿ ನೂರು ಕಂಬಗಳ ಮುಖಗಳನ್ನು ಎಣಿಸಿ ಬರೆದುಕೊಂಡು ಬಾ, ಯಾವ ಸಂಖ್ಯೆ ಹೆಚ್ಚೆಂದು ನೋಡೋಣ” ಎಂದು ನಾನು ಅವನಿಗೆ ಹೇಳಿದ್ದೇನೆ. ಹೆಸರನ್ನು ಬರೆಯುವುದಾದರೆ ಆ ಪಟ್ಟಿಯ ಕೆಳಗೆ ಬರೆಯಲಿ.